ಯಾವುದನ್ನು ಬಿಟ್ಟಿರಿ ಎಂದು ಕೇಳುತ್ತೇನೆ

ಕೋಲಾರ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಹೊರರೋಗಿಗಳನ್ನು ನೋಡುವ ವೈದ್ಯ ನಾನು. ಆತಂಕದ ಕಾಯಿಲೆ ಇದೆ ಎಂದು ಹೇಳಿಕೊಂಡು ನನ್ನ ಬಳಿಗೆ ಯಾರೂ ಬರುವುದಿಲ್ಲ. ಎದೆ ಡವಡವ ಎನ್ನುತ್ತದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಿದೆ, ಅಂಗೈ ಬೆವರುತ್ತದೆ, ಹೊಟ್ಟೆ ಕಲಸುತ್ತದೆ ಎನ್ನುತ್ತಾರೆ. ಅನೇಕರು ‘ಗ್ಯಾಸ್ಟ್ರಿಕ್’ ಎಂದು ತಾವೇ ತೀರ್ಮಾನಿಸಿ ಮೆಡಿಕಲ್ ಸ್ಟೋರಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿರುತ್ತಾರೆ. ತಾಯತ ಕಟ್ಟಿಸಿಕೊಂಡು ಬಂದವರೊಂದಿಗೆ ನಾನು ವಾದಕ್ಕಿಳಿಯುವುದಿಲ್ಲ. ಅದು ಕೊರಳಲ್ಲಿದ್ದರೆ ನನ್ನ ಸ್ಟೆತೊಸ್ಕೋಪಿಗೇನೂ ಅಡ್ಡಿಯಿಲ್ಲ.

ಬಟ್ಟೆ ಅಂಗಡಿಯ ಕವರಿನಲ್ಲಿ ತರುವ ಕಾಗದಗಳನ್ನು ಮಾತ್ರ ನಿಧಾನವಾಗಿ ನೋಡುತ್ತೇನೆ. ಬೇರೆ ಬೇರೆ ಊರುಗಳಲ್ಲಿ ತೆಗೆಸಿದ ಇಸಿಜಿಗಳಿರುತ್ತವೆ. ಹಳೆಯವುಗಳಲ್ಲಿ ಗೆರೆ ಮಾಸಿಹೋಗಿ ಚೌಕುಳಿಯಷ್ಟೇ ಉಳಿದಿರುತ್ತದೆ. ಎಲ್ಲವೂ ನಾರ್ಮಲ್. ಹಾಗೆಂದು ‘ಇದು ಮನಸ್ಸಿನದು’ ಎಂದು ಕೈತೊಳೆದುಕೊಳ್ಳುವಂತಿಲ್ಲ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ರಕ್ತಹೀನತೆಯಲ್ಲೂ ಏದುಸಿರು ಬರುತ್ತದೆ. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಕೂಡ ನಡುಕ ತರುತ್ತದೆ. ದಿನಕ್ಕೆ ಎಷ್ಟು ಕಾಫಿ, ಕುಡಿತವನ್ನು ಈಚೆಗೆ ನಿಲ್ಲಿಸಿದ್ದಾರೆಯೇ ಎಂದೂ ಕೇಳಬೇಕು. ನಡುವಯಸ್ಸು ದಾಟಿದವರಿಗೆ ಹೊಸದಾಗಿ ಎದೆನೋವು ಕಾಣಿಸಿಕೊಂಡರೆ ಹೃದಯದ ಪರೀಕ್ಷೆಯೇ ಮೊದಲು.

ಇದೆಲ್ಲ ಮುಗಿದ ಮೇಲೆ ಕೇಳುವ ಪ್ರಶ್ನೆಯಿಂದಲೇ ನನಗೆ ಹೆಚ್ಚು ತಿಳಿಯುವುದು: ಮೊದಲು ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬಿಟ್ಟಿದ್ದೀರಿ? ಟೊಮೆಟೊ ಬೆಳೆಗಾರರೊಬ್ಬರು ‘ಏನೂ ಇಲ್ಲ’ ಎಂದು ತಲೆಯಾಡಿಸಿದರು. ಪಕ್ಕದಲ್ಲಿದ್ದ ಹೆಂಡತಿ, ‘ಮಂಡಿಗೆ ಹೋಗುವುದನ್ನೇ ಬಿಟ್ಟಿದ್ದಾರೆ ಸಾರ್, ಮಗನನ್ನು ಕಳಿಸುತ್ತಾರೆ’ ಎಂದರು. ಆಮೇಲೆ ಒಂದೊಂದಾಗಿ ಹೊರಬಿತ್ತು. ಕೋಲಾರದ ಎಪಿಎಂಸಿಯಲ್ಲಿ ಹರಾಜು ನಡೆಯುತ್ತಿದ್ದಾಗ ಇದ್ದಕ್ಕಿದ್ದಂತೆ ಉಸಿರುಗಟ್ಟಿ, ಕೈಕಾಲು ತಣ್ಣಗಾಗಿ, ಜೀವ ಹೋಗಿಯೇಬಿಟ್ಟಿತು ಅನ್ನಿಸಿತ್ತಂತೆ. ಪ್ಯಾನಿಕ್ ಅಟ್ಯಾಕ್ ಹೀಗೆ ಕೆಲವೇ ನಿಮಿಷಗಳಲ್ಲಿ ಉತ್ತುಂಗಕ್ಕೇರಿ ತಾನಾಗಿ ಇಳಿಯುತ್ತದೆ. ಒಮ್ಮೆ ಬಂದರೆ ಅದನ್ನು ಕಾಯಿಲೆ ಎನ್ನುವುದಿಲ್ಲ. ಅದು ಮರುಕಳಿಸಿ, ಮತ್ತೆ ಬಂದೀತೆಂಬ ಭಯ ತಿಂಗಳಾದರೂ ಬಿಡದೆ ಮಂಡಿ, ಬಸ್ಸು, ಮದುವೆಮನೆಗಳನ್ನು ಒಂದೊಂದಾಗಿ ಕಿತ್ತುಕೊಳ್ಳತೊಡಗಿದರೆ ಆಗ ಕಾಯಿಲೆ.

ಬೆಲೆಯ ಚಿಂತೆ ಬೆಳೆಗಾರನಿಗೆ ಸಹಜವಲ್ಲವೇ ಎಂದು ನೀವು ಕೇಳಬಹುದು. ಸಹಜವೇ. ಆದರೆ 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸಿಗೆ 2 ಸಾವಿರ ರೂಪಾಯಿ ದಾಟಿದಾಗಲೂ ಇವರಿಗೆ ನಿದ್ದೆಯಿರಲಿಲ್ಲ. ಬೆಲೆ ಏರಿದಾಗ ಕಳ್ಳರ ಚಿಂತೆ, ಕಳ್ಳರು ಬಾರದಿದ್ದರೆ ಮಗಳ ಬಾಣಂತನದ ಚಿಂತೆ. ಕಾರಣ ಹೋದರೂ ಚಿಂತೆ ಹೋಗದೆ, ಆರು ತಿಂಗಳಿಂದ ಹೆಚ್ಚಿನ ದಿನಗಳಲ್ಲಿ ಕಾಡುತ್ತಾ, ಜೊತೆಗೆ ಸಿಡುಕು, ಮೈಕೈ ಬಿಗಿತ, ಸುಸ್ತು ಇದ್ದರೆ ಅದು ಬೇರೆಯೇ ಮಾತು. ಆತಂಕದ ತೀವ್ರತೆ ಅಳೆಯುವ ಜಿಎಡಿ-7 ಎಂಬ ಪ್ರಶ್ನಾವಳಿ ಇಲ್ಲಿ ನೆರವಿಗೆ ಬರುತ್ತದೆ: ಕಳೆದ ಎರಡು ವಾರಗಳ ಬಗ್ಗೆ ಏಳು ಪ್ರಶ್ನೆಗಳು, ಒಟ್ಟು 21 ಅಂಕ, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನಷ್ಟು ವಿವರವಾಗಿ ನೋಡಬೇಕು. ನಾನು ಹಾಳೆ ಕೊಡುವುದಿಲ್ಲ, ಬಿ.ಪಿ. ಪಟ್ಟಿ ಸುತ್ತುತ್ತಾ ಮಾತಿನಲ್ಲೇ ಕೇಳುತ್ತೇನೆ. ಬದುಕೇ ಬೇಡ ಅನ್ನಿಸುತ್ತದೆಯೇ ಎಂಬುದನ್ನೂ ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ.

ಯಾರೋ ಬರೆದುಕೊಟ್ಟ ಆಲ್‌ಪ್ರಜೋಲಮ್ ಆ ಬೆಳೆಗಾರರ ಜೇಬಿನಲ್ಲಿತ್ತು. ತಕ್ಷಣ ಸಮಾಧಾನ ಕೊಡುವ ಈ ಮಾತ್ರೆ ಅಭ್ಯಾಸವಾಗಿಬಿಡುತ್ತದೆ. ಆಮೇಲೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಮನೋವೈದ್ಯರು ಅದನ್ನು ಹಂತಹಂತವಾಗಿ ಇಳಿಸಿ, ಆತಂಕಕ್ಕೂ ಖಿನ್ನತೆಗೂ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧ ಆರಂಭಿಸಿದರು. ಅದರ ಗುಣ ಕಾಣಲು ಕೆಲವು ವಾರಗಳೇ ಬೇಕು, ಮೊದಲ ದಿನಗಳಲ್ಲಿ ಗಾಬರಿ ತುಸು ಹೆಚ್ಚಲೂಬಹುದು ಎಂದು ಮೊದಲೇ ಹೇಳಿಟ್ಟಿರಬೇಕು, ಇಲ್ಲದಿದ್ದರೆ ವಾರ ತುಂಬುವುದರೊಳಗೆ ಚೀಟಿ ಹರಿದುಹಾಕುತ್ತಾರೆ. ರಾತ್ರಿ ಹೊತ್ತು ಕಂಗೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಎಂದು ಸಂಖ್ಯೆಯನ್ನು ಹೆಂಡತಿಯ ಮೊಬೈಲಿಗೆ ಹಾಕಿಕೊಟ್ಟೆ. ಮಗನಿಗೂ ಒಂದು ಕೆಲಸ ಒಪ್ಪಿಸಿದೆ: ಅಪ್ಪನ ಬದಲು ಹೋಗುವುದನ್ನು ಬಿಟ್ಟು ಅಪ್ಪನನ್ನೂ ಕರೆದುಕೊಂಡು ಹೋಗಬೇಕು. ಮೊದಲು ಮಂಡಿಯ ಗೇಟಿನವರೆಗೆ, ಎದೆಬಡಿತ ಇಳಿಯುವ ತನಕ ಅಲ್ಲೇ ನಿಂತು, ಹರಾಜಿನ ಕಟ್ಟೆ ಆಮೇಲೆ.