ಚರ್ಚಿನಿಂದ ಅಳೆಯಲು ಶುರು ಮಾಡಿ ನಾನು ಎಡವಿದ್ದು

ಕರಾವಳಿಯ ಒಂದು ಹಳೆಯ ಬಾಸೆಲ್ ಮಿಷನ್ ಕಾಂಪೌಂಡಿನ ಅಳತೆ ನಕ್ಷೆ ಮಾಡಲು ಹೋಗಿದ್ದೆ. ಬಾಸೆಲ್ ಮಿಷನ್ ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನರಿ ಸಂಸ್ಥೆ. ಕೈಯಲ್ಲಿ 30 ಮೀಟರಿನ ಟೇಪು, ಪೆನ್ಸಿಲ್. ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬ ಗೆಳೆಯ. ಚರ್ಚಿನಿಂದ ಶುರು ಮಾಡಿದೆ. ಕಣ್ಣಿಗೆ ಮೊದಲು ಬೀಳುವುದು ಅದೇ, ಅಲ್ವಾ? ಎರಡು ದಿನ ಅದರ ಕಿಟಕಿ ಬಾಗಿಲುಗಳಲ್ಲೇ ಕಳೆಯಿತು. ಮೂರನೇ ದಿನ ಬಂಗಲೆ, ಶಾಲೆ, ಸಾಲುಮನೆಗಳನ್ನು ಸೇರಿಸಲು ನೋಡಿದರೆ ಒಂದು ಹಾಳೆಯೂ ಇನ್ನೊಂದಕ್ಕೆ ಕೂಡಲಿಲ್ಲ.

ಆಮೇಲೆ ಬಾವಿಕಟ್ಟೆಗೆ ಬಂದೆ. ಬಾವಿ ಜಾಗ ಬಿಟ್ಟು ಕದಲುವುದಿಲ್ಲ. ಅಲ್ಲಿಂದ ಮತ್ತು ಗೇಟಿನ ಕಂಬದಿಂದ ಪ್ರತಿ ಕಟ್ಟಡದ ಎರಡು ಮೂಲೆಗೆ ದೂರ ಹಿಡಿದೆ. ತ್ರಿಕೋನಗಳು ಕೂಡಿಕೊಂಡವು, ಕಟ್ಟಡಗಳು ಹಾಳೆಯ ಮೇಲೆ ಕೂತವು. ಕೋಣೆಯೊಳಗೆ ಮೂಲೆಯಿಂದ ಎದುರು ಮೂಲೆಗೂ ಓರೆಯಾಗಿ ಅಳೆಯಬೇಕು. ಮುರಕಲ್ಲಿನ (ಕರಾವಳಿಯ ಕೆಂಪು ಕಲ್ಲು) ಹಳೆ ಕೋಣೆ ನೋಡಲು ಚೌಕ, ಅಳೆದರೆ ಸೊಟ್ಟ. ಗೋಡೆಯ ದಪ್ಪ ತಿಳಿಯಲು ಕಿಟಕಿ ಸಾಕು.

ಚರ್ಚು ಮೊದಲು ಬಂತು ಅನ್ನುವುದೇ ತಪ್ಪು ಲೆಕ್ಕ. ಮಂಗಳೂರಿನ ಬಲ್ಮಠವನ್ನೇ ನೋಡಿ. ಬಾಸೆಲ್ ಮಿಷನ್ನಿನವರು ಊರಿಗೆ ಬಂದದ್ದು 1834ರಲ್ಲಿ, ಬಲ್ಮಠದ ಗುಡ್ಡದ ಜಾಗ ಸಿಕ್ಕಿದ್ದು 1840ರಲ್ಲಿ. 1841ಕ್ಕೆ ಕಲ್ಲಚ್ಚಿನ ಮುದ್ರಣ ಶುರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. 1851ಕ್ಕೆ ನೇಯ್ಗೆ. ಈಗ ನಾವು ನೋಡುವ ಶಾಂತಿ ಚರ್ಚ್ 1862ರದ್ದು. ಕ್ರೈಸ್ತರಾದವರಿಗೆ ಮನೆಯವರ ಆಸರೆ, ಜಾತಿಯ ಕಸುಬು ಎರಡೂ ತಪ್ಪುತ್ತಿತ್ತು. ಅವರಿಗೆ ಸೂರು ಬೇಕಿತ್ತು, ಕೆಲಸವೂ ಬೇಕಿತ್ತು. ಸಾಲುಮನೆ, ಕೆಲಸದ ಚಪ್ಪರ, ಶಾಲೆ ಒಂದರ ಪಕ್ಕ ಒಂದು ಇರುವುದು ಸುಮ್ನೆ ಅಲ್ಲ. ಹೆಂಚಿನ ಕಾರ್ಖಾನೆ ಮಾತ್ರ ಗುಡ್ಡ ಹತ್ತಲಿಲ್ಲ. ಅದಕ್ಕೆ ಜೇಡಿಮಣ್ಣು, ದೋಣಿ ಎರಡೂ ಬೇಕು. ಹಾಗಾಗಿ 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ ಶುರುವಾಯಿತು. ಶುರು ಮಾಡಿದ ಗಿಯೋರ್ಗ್ ಪ್ಲೆಬ್ಸ್ಟ್ ಮೊದಲು ಅಚ್ಚುಕೂಟದ ಮನುಷ್ಯ. ಅಚ್ಚು ಹಾಕುವವನ ಕೈ ಮಣ್ಣಿಗೂ ಒಗ್ಗಿತು ಅಂತ ನಾನು ತಮಾಷೆ ಮಾಡುವುದುಂಟು.

ಈ ಹೆಂಚೇ ನನ್ನನ್ನು ಜಾಸ್ತಿ ಸತಾಯಿಸಿದ್ದು. ಬಂಗಲೆಯಿಂದ ಬಿದ್ದ ಒಂದು ಹೆಂಚಿನ ಬೆನ್ನಲ್ಲಿ 1865 ಅಂತ ಅಚ್ಚಿತ್ತು. ಖುಷಿಯಿಂದ ನಕ್ಷೆಯ ಮೂಲೆಯಲ್ಲಿ ಬಂಗಲೆಯ ವರ್ಷ 1865 ಅಂತ ಬರೆದೇ ಬಿಟ್ಟೆ. ಅದು ಕಾರ್ಖಾನೆ ಹುಟ್ಟಿದ ವರ್ಷ. ಮುಂದೆ ಎಷ್ಟೋ ವರ್ಷ ಅದೇ ಅಂಕಿ ಒತ್ತುತ್ತಿದ್ದರು. ತಪ್ಪು ಗೊತ್ತಾದದ್ದು ಏಣಿ ಹಾಕಿ ಅಟ್ಟ ಹತ್ತಿದ ಮೇಲೆ. ಮೇಲೆ ತ್ರಿಕೋನವಾಗಿ ಏರುವ ಕೊನೆಗೋಡೆಯ ಒಳಮೈಯಲ್ಲಿ ಹಳೆ ಗಾರೆಯ ಗೆರೆಯೊಂದು ಕಾಣಿಸಿತು. ಹೆಂಚು ಹೊರುವ ಈಗಿನ ಪಕ್ಕಾಸುಗಳಿಗಿಂತ (ಓರೆ ಮರಗಳು) ಕಡಿದಾದ ಇಳಿಜಾರು ಅದರದ್ದು. ಹೆಂಚಿಗೆ ಅಷ್ಟು ಕಡಿದು ಬೇಕಿಲ್ಲ, ಹಿಂದೆ ಹೊದೆಸುತ್ತಿದ್ದ ಮುಳಿಹುಲ್ಲಿಗೆ ಬೇಕು. ಇಲ್ಲದಿದ್ದರೆ ಮಳೆನೀರು ಹುಲ್ಲಿನಲ್ಲೇ ನಿಂತು ಕೊಳೆಯುತ್ತದೆ. ಅಂದರೆ ಗೋಡೆ ಹುಲ್ಲಿನ ಕಾಲದ್ದು, ಮಾಡು, ಅಂದರೆ ಚಾವಣಿ, ಆಮೇಲೆ ಬದಲಾದದ್ದು.

ಈಗ ನನ್ನ ಹಾಳೆಯಲ್ಲಿ ಗೋಡೆಗೆ ಒಂದು ಖಾನೆ, ಮಾಡಿಗೆ ಇನ್ನೊಂದು. ಮಾಡಿನ ಖಾನೆಯಲ್ಲಿ ‘1865ರ ನಂತರ’ ಅಂತ ಶಾಯಿಯಲ್ಲಿ ಬರೆದಿದ್ದೇನೆ. ಗೋಡೆಯದ್ದು ಇನ್ನೂ ಪೆನ್ಸಿಲ್ಲಿನಲ್ಲೇ ಇದೆ.