‘ದಾರಿಯಲ್ಲಿದ್ದೇನೆ’ ಅನ್ನೋಕೆ ಹೋಗಿ: ಇಂಗ್ಲಿಷ್ ಪ್ರಿಪೊಸಿಷನ್ ಕಲಿಯೋದು ಹೇಗೆ?

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಮೀಟಿಂಗಿಗೆ ತಡವಾಯಿತು. ಓಡುತ್ತಲೇ ಮೇಲಧಿಕಾರಿಗೆ ಮೆಸೇಜ್ ಹಾಕಿದೆ: ‘ಐ ಆಮ್ ಇನ್ ದ ವೇ.’ ದಾರಿ ಅಂದರೆ ವೇ, ‘ಅಲ್ಲಿ’ ಅಂದರೆ ಇನ್. ನನ್ನ ಲೆಕ್ಕದಲ್ಲಿ ಎಲ್ಲ ಸರಿ ಇತ್ತು. ಅವರ ಉತ್ತರ ಬಂತು: ‘ಯಾರ ದಾರಿಗೆ?’ ಇಂಗ್ಲಿಷಿನಲ್ಲಿ ‘ಇನ್ ದ ವೇ’ ಅಂದರೆ ಅಡ್ಡ ನಿಂತಿದ್ದೇನೆ ಅಂತ. ಬರುತ್ತಾ ಇರುವವರು ‘ಆನ್ ದ ವೇ’ ಇರುತ್ತಾರೆ. ಇದು ಗೊತ್ತಾಗಿದ್ದು ಪಕ್ಕದ ಸೀಟಿನವರು ನಕ್ಕ ಮೇಲೆ.

ಆಮೇಲೆ ಅನುವಾದದ ಕೆಲಸಕ್ಕೆ ಬಂದೆ. ಹನ್ನೊಂದು ವರ್ಷವಾಯಿತು. ಈಗಲೂ ನನ್ನ ಇಂಗ್ಲಿಷ್ ಕರಡಿನಲ್ಲಿ ಕೆಂಪು ಗೆರೆ ಬೀಳುವುದು ದೊಡ್ಡ ದೊಡ್ಡ ಪದಗಳ ಮೇಲಲ್ಲ, ಇನ್, ಆನ್, ಆ್ಯಟ್, ಫಾರ್‌ಗಳ ಮೇಲೆ. ಈ ಚಿಲ್ಲರೆ ಪದಗಳನ್ನು, ಅಂದರೆ ಪ್ರಿಪೊಸಿಷನ್‌ಗಳನ್ನು, ಹಿಡಿಯಲು ನಾನು ಮಾಡಿಕೊಂಡ ಉಪಾಯಗಳು ಇಲ್ಲಿವೆ.

ಮೊದಲು ಒಂದು ಅಭ್ಯಾಸ ಬಿಡಬೇಕು. ‘ಅಲ್ಲಿ’ಗೆ ಇಂಗ್ಲಿಷಿನಲ್ಲಿ ಏನು ಅಂತ ಕೇಳಿಕೊಳ್ಳುವುದು. ಕೇಳಿದರೆ ಉತ್ತರ ಸಿಗುವುದಿಲ್ಲ. ಕಷ್ಟದಲ್ಲಿದ್ದರೆ ‘ಇನ್ ಟ್ರಬಲ್’, ಪಟ್ಟಿಯಲ್ಲಿದ್ದರೆ ‘ಆನ್ ದ ಲಿಸ್ಟ್’, ಬಾಗಿಲಲ್ಲಿದ್ದರೆ ‘ಆ್ಯಟ್ ದ ಡೋರ್’. ಮೂರಕ್ಕೂ ನಮ್ಮದು ಒಂದೇ ‘ಅಲ್ಲಿ’. ‘ಇಂದ’ ಕೂಡ ಹಾಗೇ. ಮನೆಯಿಂದ ಅಂದರೆ ‘ಫ್ರಮ್’, ಪೆನ್ನಿನಿಂದ ಬರೆದರೆ ‘ವಿತ್’, ಸೋಮವಾರದಿಂದ ಕಾಯುತ್ತಿದ್ದರೆ ‘ಸಿನ್ಸ್’. ನಮ್ಮ ಪ್ರತ್ಯಯಕ್ಕೆ ಯಾವ ನಾಮಪದವಾದರೂ ಆಗುತ್ತದೆ, ಬಂದವರ ಬಾಲಕ್ಕೆಲ್ಲ ಅಂಟಿಕೊಳ್ಳುತ್ತದೆ. ಇಂಗ್ಲಿಷಿನ ನಾಮಪದಕ್ಕೆ ಆ ಧಾರಾಳ ಇಲ್ಲ. ಅದಕ್ಕೆ ಅದರದೇ ಜೊತೆಗಾರ ಬೇಕು.

ಬ್ರಿಟನ್ನಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಹೇಳಿದ ಒಂದು ಮಾತಿದೆ: ಪದ ಎಂಥದ್ದು ಅಂತ ಅದರ ಸಹವಾಸ ನೋಡಿ ತಿಳಿಯಬೇಕು. ಮನುಷ್ಯರ ಬಗ್ಗೆ ನಾವು ಅನ್ನುವುದೂ ಇದೇ ಅಲ್ವಾ? ಹಾಗಾಗಿ ನಾನು ಈಗ ಕೇಳಿಕೊಳ್ಳುವ ಪ್ರಶ್ನೆಯೇ ಬೇರೆ. ಈ ನಾಮಪದ ಯಾರ ಜೊತೆ ಓಡಾಡುತ್ತದೆ?

ಇದಕ್ಕೆ ಒಂದು ನೋಟ್‌ಬುಕ್ ಸಾಕು. ನನ್ನದರಲ್ಲಿ ‘ಮಿಸ್ಟೇಕ್’ ಅಂತ ಒಂಟಿ ಪದ ಎಲ್ಲೂ ಇಲ್ಲ, ‘ಬೈ ಮಿಸ್ಟೇಕ್’ ಅಂತಲೇ ಇದೆ. ಅದರ ಕೆಳಗೆ ‘ಆನ್ ಪರ್ಪಸ್’, ಅಂದರೆ ಬೇಕಂತಲೇ. ಅದರ ಕೆಳಗೆ ‘ಇನ್ ಎ ಹರಿ’. ನಡುವಿನ ‘ಎ’ ನೋಡಿ. ಅದನ್ನೂ ಸೇರಿಸಿಯೇ ಬರೆಯಬೇಕು, ಯಾಕೆಂದರೆ ‘ಇನ್ ಹರಿ’ ಅಂತ ಯಾರೂ ಹೇಳುವುದಿಲ್ಲ, ‘ಬೈ ಎ ಮಿಸ್ಟೇಕ್’ ಅಂತಲೂ ಹೇಳುವುದಿಲ್ಲ. ಎದುರಿಗೆ ನಿಮ್ಮದೇ ಬದುಕಿನ ಒಂದು ವಾಕ್ಯ ಇರಲಿ. ಪುಸ್ತಕದ ವಾಕ್ಯ ಮರೆತುಹೋಗುತ್ತದೆ. ಬಾಸ್‌ಗೆ ಹೋಗಬೇಕಾದ ಮೇಲ್ ಅಪ್ಪನಿಗೆ ‘ಬೈ ಮಿಸ್ಟೇಕ್’ ಹೋಗಿದ್ದು ಮರೆಯುವುದಿಲ್ಲ.

ಎ, ದ, ಮೈ ಬಂದ ಕೂಡಲೇ ಜೊತೆಗಾರ ಬದಲಾಗುವುದೂ ಉಂಟು. ‘ಬೈ ಕಾರ್’ ಸರಿ. ಆದರೆ ನನ್ನ ಕಾರಿನಲ್ಲಿ ಅನ್ನುವಾಗ ‘ಬೈ ಮೈ ಕಾರ್’ ಆಗುವುದಿಲ್ಲ, ‘ಇನ್ ಮೈ ಕಾರ್’ ಆಗುತ್ತದೆ. ‘ಬೈ ಬಸ್’ ಹೋಗುತ್ತೇವೆ, ಹತ್ತಿದ ಮೇಲೆ ‘ಆನ್ ದ ಬಸ್’ ಇರುತ್ತೇವೆ. ಕಾರಿಗೆ ಇನ್, ಬಸ್ಸಿಗೆ ಆನ್ ಯಾಕೆ? ನನಗೆ ಉಪಯೋಗಕ್ಕೆ ಬಂದ ಗುರುತು ಇದು: ಒಳಗೆ ಎದ್ದು ನಿಂತು ಓಡಾಡಬಹುದಾದ ಬಸ್ಸು, ರೈಲು, ವಿಮಾನ, ಹಡಗಿಗೆ ಆನ್. ಬಗ್ಗಿ ಕೂರಬೇಕಾದ ಕಾರು, ಟ್ಯಾಕ್ಸಿಗೆ ಇನ್. ಕಾಲು ಅತ್ತಿತ್ತ ಹಾಕಿ ಕೂರುವ ಸೈಕಲ್ಲು, ಕುದುರೆಗೆ ಮತ್ತೆ ಆನ್. ನಡೆದೇ ಹೋದರೆ ‘ಆನ್ ಫುಟ್’.

ಸಮಯದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲ ವ್ಯಾಕರಣ ಪುಸ್ತಕಗಳಲ್ಲೂ ಇದೆ. ಗಡಿಯಾರಕ್ಕೆ ಆ್ಯಟ್, ದಿನಕ್ಕೆ ಆನ್, ತಿಂಗಳು ವರ್ಷಕ್ಕೆ ಇನ್. ಬೆಳಿಗ್ಗೆ ‘ಇನ್ ದ ಮಾರ್ನಿಂಗ್’, ಆದರೆ ಸೋಮವಾರ ಬೆಳಿಗ್ಗೆ ‘ಆನ್ ಮಂಡೇ ಮಾರ್ನಿಂಗ್’, ಅಲ್ಲಿ ವಾರದ ದಿನದ ಮಾತೇ ನಡೆಯುತ್ತದೆ. ರಾತ್ರಿ ಮಾತ್ರ ‘ಆ್ಯಟ್ ನೈಟ್’. ಯಾಕೆ ಅಂತ ಕೇಳಬೇಡಿ.

ನಿಜವಾಗಿ ಎಡವುವುದು ನಾಮಪದದ ಆಮೇಲೆ ಬರುವ ಪ್ರಿಪೊಸಿಷನ್‌ನಲ್ಲಿ. ಕನ್ನಡದ ಈ ಐದು ಮಾತು ನೋಡಿ: ತಡಕ್ಕೆ ಕಾರಣ, ಪ್ರಶ್ನೆಗೆ ಉತ್ತರ, ನೀರಿಗೆ ಬೇಡಿಕೆ, ಗೋಡೆಗೆ ಹಾನಿ, ಊರಿಗೆ ದಾರಿ. ಎಲ್ಲದಕ್ಕೂ ‘ಗೆ’ ಅಥವಾ ‘ಕ್ಕೆ’. ಇಂಗ್ಲಿಷಿನಲ್ಲಿ ಉತ್ತರ, ಹಾನಿ, ದಾರಿಗೆ ‘ಟು’ ಬರುತ್ತದೆ: ‘ಆನ್ಸರ್ ಟು’, ‘ಡ್ಯಾಮೇಜ್ ಟು’, ‘ವೇ ಟು’. ಬೇಡಿಕೆಗೆ ‘ಡಿಮಾಂಡ್ ಫಾರ್’. ಕಾರಣ ಅನ್ನುವುದಂತೂ ಎರಡು ವೇಷ ಹಾಕುತ್ತದೆ. ‘ರೀಸನ್ ಫಾರ್ ದ ಡಿಲೇ’, ಆದರೆ ‘ಕಾಸ್ ಆಫ್ ದ ಡಿಲೇ’. (ಇಲ್ಲಿ ಆಫ್ ಅಂದಾಗಲೆಲ್ಲ ಒಂದೇ ಎಫ್ ಇರುವುದು. ಕನ್ನಡದಲ್ಲಿ ಬರೆದರೆ ಸ್ವಿಚ್ ಆಫ್ ಮಾಡುವ ಆಫ್ ಕೂಡ ಹೀಗೇ ಕಾಣುತ್ತದೆ, ಏನು ಮಾಡೋಣ.) ನಾನು ವರ್ಷಗಟ್ಟಲೆ ‘ರೀಸನ್ ಆಫ್’ ಅಂತ ಬರೆದೆ. ಯಾರೂ ತಿದ್ದಲಿಲ್ಲ, ಅರ್ಥ ಆಗುತ್ತಿತ್ತಲ್ಲ.

ಬೆಲೆ ಏರಿಕೆ ಬರೆಯುವಾಗಲೂ ಹುಷಾರು. ಯಾವುದು ಏರಿತು ಅನ್ನುವುದಕ್ಕೆ ಇನ್, ಎಷ್ಟು ಏರಿತು ಅನ್ನುವುದಕ್ಕೆ ಆಫ್. ‘ಆ್ಯನ್ ಇನ್‌ಕ್ರೀಸ್ ಇನ್ ಪ್ರೈಸ್’, ‘ಆ್ಯನ್ ಇನ್‌ಕ್ರೀಸ್ ಆಫ್ 5 ಪರ್ಸೆಂಟ್’.

ಇನ್ನೊಂದು ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ‘ಲೆಟ್ ಅಸ್ ಡಿಸ್ಕಸ್ ಅಬೌಟ್ ದ ಪ್ಲಾನ್’ ಅಂತ ನೀವೂ ಬರೆದಿರುತ್ತೀರಿ. ತಪ್ಪು ಅಂತ ಗೊತ್ತಿದ್ದರೂ ಬೆರಳು ‘ಅಬೌಟ್’ ಒತ್ತಿಬಿಡುತ್ತದೆ. ಕನ್ನಡದಲ್ಲಿ ಯೋಜನೆಯ ಬಗ್ಗೆ ಚರ್ಚಿಸುತ್ತೇವೆ, ಯೋಜನೆಯ ಬಗ್ಗೆ ಚರ್ಚೆ ಮಾಡುತ್ತೇವೆ. ಕ್ರಿಯಾಪದಕ್ಕೂ ‘ಬಗ್ಗೆ’, ನಾಮಪದಕ್ಕೂ ‘ಬಗ್ಗೆ’. ಇಂಗ್ಲಿಷಿನ ‘ಡಿಸ್ಕಸ್’ ಕ್ರಿಯಾಪದ. ಅದು ಕರ್ಮವನ್ನು ನೇರವಾಗಿ ಕೈಯಲ್ಲೇ ಹಿಡಿಯುತ್ತದೆ: ‘ಡಿಸ್ಕಸ್ ದ ಪ್ಲಾನ್’. ನಾಮಪದಕ್ಕೆ ಆ ಕೈ ಇಲ್ಲ, ನಡುವೆ ಒಂದು ಕೊಂಡಿ ಬೇಕು: ‘ಎ ಡಿಸ್ಕಷನ್ ಅಬೌಟ್ ದ ಪ್ಲಾನ್’.

ಇದು ಹೊಳೆದ ದಿನ ಒಂದು ಪುಟವನ್ನು ಎರಡು ಭಾಗ ಮಾಡಿದೆ. ಎಡಕ್ಕೆ ಕ್ರಿಯಾಪದ, ಬಲಕ್ಕೆ ನಾಮಪದ. ‘ರಿಕ್ವೆಸ್ಟ್ ಎ ಕಾಪಿ’, ಬಲಕ್ಕೆ ‘ಎ ರಿಕ್ವೆಸ್ಟ್ ಫಾರ್ ಎ ಕಾಪಿ’. ‘ಎಂಟರ್ ದ ರೂಮ್’, ಬಲಕ್ಕೆ ‘ದ ಎಂಟ್ರನ್ಸ್ ಟು ದ ರೂಮ್’. ‘ಎಂಫಸೈಸ್ ದ ಪಾಯಿಂಟ್’, ಬಲಕ್ಕೆ ‘ಎಂಫಸಿಸ್ ಆನ್’. ‘ಲ್ಯಾಕ್’ ಕ್ರಿಯಾಪದವಾದರೆ ಸುಮ್ನೆ ‘ಲ್ಯಾಕ್ ಟೈಮ್’, ನಾಮಪದವಾದರೆ ‘ಲ್ಯಾಕ್ ಆಫ್ ಟೈಮ್’. ಎಡಭಾಗದಲ್ಲಿ ಒಂದೂ ಪ್ರಿಪೊಸಿಷನ್ ಇಲ್ಲ. ನನ್ನ ಅರ್ಧ ತಪ್ಪುಗಳು ಆ ಒಂದು ಪುಟದಲ್ಲೇ ಇದ್ದವು.

ಕೆಲವು ಜೋಡಿಗಳಲ್ಲಿ ಎರಡೂ ಕಡೆ ಒಂದೇ ಜೊತೆಗಾರ: ‘ಬಿಲೀವ್ ಇನ್’, ‘ಬಿಲೀಫ್ ಇನ್’. ಇವು ಸುಲಭ. ಆದರೆ ಇದನ್ನೇ ನಂಬಿಕೊಂಡು ಹೋದರೆ ‘ಪ್ರೌಡ್ ಆಫ್’ ಕೈಕೊಡುತ್ತದೆ, ಅದರ ನಾಮಪದ ‘ಪ್ರೈಡ್ ಇನ್’.

ಒಂದೇ ನಾಮಪದ, ಪ್ರಿಪೊಸಿಷನ್ ಬದಲಾದರೆ ಅರ್ಥವೇ ಬೇರೆ. ಇವನ್ನು ಜೋಡಿಯಾಗಿಯೇ ಬರೆದಿಡಿ. ಒಂಬತ್ತಕ್ಕೆ ಅಂದರೆ ಒಂಬತ್ತಕ್ಕೇ ಬಂದರೆ ‘ಆನ್ ಟೈಮ್’. ಬಾಗಿಲು ಹಾಕುವ ಮುಂಚೆ ಹೇಗೋ ಬಂದು ಸೇರಿದರೆ ‘ಇನ್ ಟೈಮ್’. ತಿಂಗಳ ಕೊನೆಗೆ ‘ಆ್ಯಟ್ ದ ಎಂಡ್ ಆಫ್ ದ ಮಂತ್’, ಏನೆಲ್ಲ ಆಗಿ ಕೊನೆಗೂ ಅನ್ನುವುದಕ್ಕೆ ‘ಇನ್ ದ ಎಂಡ್’.

ಅನುಮಾನ ಬಂದಾಗ ಲರ್ನರ್ಸ್ ಡಿಕ್ಷನರಿ ನೋಡಿ, ಬರೀ ಅರ್ಥ ಕೊಡುವ ನಿಘಂಟು ಬೇಡ. ಕಲಿಯುವವರಿಗಾಗಿ ಮಾಡಿದ ಇಂಥ ನಿಘಂಟುಗಳಲ್ಲಿ ನಾಮಪದದ ಜೊತೆಗೆ ಬರುವ ಪ್ರಿಪೊಸಿಷನ್ ಅನ್ನು ದಪ್ಪಕ್ಷರದಲ್ಲಿ ಕೊಟ್ಟಿರುತ್ತಾರೆ. ಇಂಥ ನಿಘಂಟುಗಳ ಹೆಸರಾಂತ ಸಂಪಾದಕ ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ ಮಾಡಿದ ನಿಘಂಟು ಮೊದಲು ಅಚ್ಚಾದದ್ದು 1942ರಲ್ಲಿ, ಅಲ್ಲೇ. ಜಪಾನಿ ಭಾಷೆಯಲ್ಲೂ ‘ಅಲ್ಲಿ’, ‘ಇಂದ’ ಥರದ ಗುರುತು ನಾಮಪದದ ಆಮೇಲೆಯೇ ಬರುತ್ತದೆ, ನಮ್ಮ ಹಾಗೆ. ಅವರ ವಿದ್ಯಾರ್ಥಿಗಳೂ ನಮ್ಮ ಹಾಗೇ ಪರದಾಡಿರಬೇಕು ಅಂತ ನನ್ನ ಅಂದಾಜು.

ಇನ್ನೊಂದು ಸಾಧನ ಗೂಗಲ್‌ನ ಎನ್‌ಗ್ರಾಮ್ ವ್ಯೂವರ್. 2010ರಲ್ಲಿ ಬಂತು, ಅಚ್ಚಾದ ಪುಸ್ತಕಗಳನ್ನು ಜಾಲಾಡಿ ಯಾವ ಮಾತು ಯಾವ ವರ್ಷ ಎಷ್ಟು ಬಳಕೆಯಲ್ಲಿತ್ತು ಅಂತ ಗೆರೆ ಎಳೆದು ತೋರಿಸುತ್ತದೆ. ನಡುವೆ ಅಲ್ಪವಿರಾಮ ಹಾಕಿ ‘ಆ್ಯಟ್ ದ ವೀಕೆಂಡ್’, ‘ಆನ್ ದ ವೀಕೆಂಡ್’ ಎರಡನ್ನೂ ಇಂಗ್ಲಿಷಿನಲ್ಲಿ ಹಾಕಿ ನೋಡಿ. ಆಮೇಲೆ ಬ್ರಿಟಿಷ್ ಪುಸ್ತಕ, ಅಮೆರಿಕನ್ ಪುಸ್ತಕ ಅಂತ ಬದಲಿಸಿ. ಮೊದಲನೆಯದು ಬ್ರಿಟಿಷರ ರೂಢಿ, ಎರಡನೆಯದು ಅಮೆರಿಕದ್ದು. ಎರಡೂ ಸರಿಯೇ, ಒಂದೇ ಪತ್ರದಲ್ಲಿ ಬೆರೆಸದಿದ್ದರೆ ಆಯಿತು.

ಅಭ್ಯಾಸಕ್ಕೆ ಪ್ರಶ್ನೆಪತ್ರಿಕೆ ಬೇಡ. ಚೆನ್ನಾಗಿ ಬರೆದ ಒಂದು ಪ್ಯಾರಾ ನಕಲು ಮಾಡಿಕೊಳ್ಳಿ, ಅದರ ಪ್ರಿಪೊಸಿಷನ್‌ಗಳನ್ನೆಲ್ಲ ಅಳಿಸಿ ಗೆರೆ ಹಾಕಿಡಿ. ಅವತ್ತೇ ತುಂಬಬೇಡಿ, ನೆನಪು ಮೋಸ ಮಾಡುತ್ತದೆ. ಎರಡು ದಿನ ಬಿಟ್ಟು ತುಂಬಿ, ಮೂಲದ ಜೊತೆ ಹೋಲಿಸಿ. ತಪ್ಪಿದ್ದನ್ನು ಮಾತ್ರ ನೋಟ್‌ಬುಕ್ಕಿಗೆ ಹತ್ತಿಸಿ, ನಾಮಪದದ ಸಮೇತ.