ಊರಿನ ಚರಿತ್ರೆ ಬರೆಯುವುದಾದರೆ ಹಬ್ಬದಿಂದ ಶುರುಮಾಡಿ

ಊರಿನ ಚರಿತ್ರೆ ಬರೆಯುವ ಆಸೆ ನನಗೆ ಹುಟ್ಟಿದ್ದು ಕೊಡಗಿನಲ್ಲಲ್ಲ, ರಾಜಸ್ಥಾನದ ಮಾರವಾಡದಲ್ಲಿ. ಮಿಲಿಟರಿಯಲ್ಲಿ ಜೋಧಪುರದ ಕಡೆ ಇದ್ದಾಗ ಜೊತೆಯ ರಜಪೂತನೊಬ್ಬ ತನ್ನ ಹಳ್ಳಿಗೆ ಕರೆದುಕೊಂಡು ಹೋಗಿದ್ದ. ಅವತ್ತು ಅವರ ಮನೆಗೆ ರಾವ್‌ಜಿ ಬಂದಿದ್ದರು. ರಾವ್, ಭಾಟ್ ಅಂದರೆ ವಂಶಾವಳಿ ಕಾಯುವವರು. ಕೆಂಪು ಬಟ್ಟೆ ಹೊದಿಸಿದ ಉದ್ದನೆ ಪುಸ್ತಕ, ಬಹಿ ಅನ್ನುತ್ತಾರೆ, ಅದನ್ನು ಮಡಿಲಲ್ಲಿ ಬಿಚ್ಚಿ ಅಜ್ಜ, ಮುತ್ತಜ್ಜ, ಅವರಜ್ಜ ಅಂತ ರಾಗವಾಗಿ ಓದಿದರು. ಕೊನೆಗೆ ಮನೆಯಲ್ಲಿ ಹೊಸದಾಗಿ ಹುಟ್ಟಿದ ಮಗುವಿನ ಹೆಸರು ಬರೆದು, ದಕ್ಷಿಣೆ ತೆಗೆದುಕೊಂಡು ಹೊರಟರು.

ನಮ್ಮ ಮನೆಗಳಿಗೆ ಹಾಗೆ ಯಾರೂ ಬರುವುದಿಲ್ಲ. ನಿವೃತ್ತನಾಗಿ ಕೊಡಗಿನ ನಾಪೋಕ್ಲು ಕಡೆಯ ನಮ್ಮೂರಿಗೆ ಬಂದವನೇ 200 ಪುಟದ ನೋಟ್‌ಬುಕ್ ತಂದು ಕುಳಿತೆ. ಕೊಡಗನ್ನು ಆಳಿದ ಹಾಲೇರಿ ರಾಜರು, 1834ರಲ್ಲಿ ಚಿಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಬಂದದ್ದು, 1956ರಲ್ಲಿ ಕೊಡಗು ಮೈಸೂರಿಗೆ ಸೇರಿದ್ದು. ಮೂರು ಪುಟಕ್ಕೆ ಸರಕು ಮುಗಿಯಿತು. ಓದಿ ನೋಡಿದರೆ ಅದರಲ್ಲಿ ನಮ್ಮೂರೇ ಇಲ್ಲ! ಪಕ್ಕದ ಊರಿನ ಹೆಸರು ಹಾಕಿದರೂ ನಡೆಯುತ್ತಿತ್ತು.

ಹಾಗಾಗಿ ರಾಜರನ್ನು ಬದಿಗಿಡಿ. ಒಂದು ಹಬ್ಬ ಹಿಡಿದು, ಅದರಲ್ಲಿ ಯಾವ ಮನೆಯವರು ಯಾವ ಕೆಲಸ ಮಾಡುತ್ತಾರೆ ಅಂತ ಬರೆಯಿರಿ. ಹೊಸ ಭತ್ತದ ಕದಿರು ಮನೆಗೆ ತರುವ ಪುತ್ತರಿಯೇ ಒಳ್ಳೆಯದು. ದಿನ ಗೊತ್ತುಮಾಡುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ, ಅದು ಎಲ್ಲರಿಗೂ ಗೊತ್ತು, ಒಂದು ಸಾಲು ಸಾಕು. ನಿಮ್ಮೂರಿನದು ಬೇಕು: ಮಾವು, ಅಶ್ವತ್ಥ ಸೇರಿಸಿ ಕಟ್ಟುವ ಎಲೆಗಳನ್ನು ಯಾರ ತೋಟದಿಂದ ತರುತ್ತಾರೆ? ಕದಿರು ಕೊಯ್ಯುವವರು ಯಾರು, ಕೋವಿ ಹಾರಿಸುವವರು ಯಾರು, ‘ಪೊಲಿ ಪೊಲಿ ದೇವಾ’ ಅಂತ ಮೊದಲು ಕೂಗುವವರು ಯಾರು? ಮಂದ್‌ನಲ್ಲಿ, ಅಂದರೆ ಊರಿನವರು ಸೇರುವ ಬಯಲಿನಲ್ಲಿ, ಕೋಲಾಟಕ್ಕೆ ಯಾವ ಮನೆಯವರು ಮೊದಲು ಇಳಿಯಬೇಕು?

ಪ್ರತಿ ಉತ್ತರಕ್ಕೂ ‘ಯಾಕೆ ಅವರೇ?’ ಅಂತ ಇನ್ನೊಂದು ಪ್ರಶ್ನೆ ಕೇಳಿ. ನಮ್ಮೂರಿನಲ್ಲಿ ವಾಲಗ ಊದುವ ಅಜ್ಜನಿಗೆ ಹಾಗೆ ಕೇಳಿದೆ. ‘ನಮಗೆ ಅದಕ್ಕಂತ ಗದ್ದೆ ಬಿಟ್ಟಿದ್ದರಲ್ಲ’ ಅಂದ. ಎಲ್ಲಿದೆ ತೋರಿಸಜ್ಜ ಅಂದೆ. ಕೋಲೂರಿಕೊಂಡು ತೋಡು ದಾಟಿಸಿ ಕರೆದುಕೊಂಡು ಹೋದ. ಈಗ ಅಲ್ಲಿ ಶುಂಠಿ ಹಾಕಿದ್ದಾರೆ, ಗದ್ದೆ ಕೈಬದಲಾಗಿ ಎಷ್ಟೋ ಕಾಲವಾಯಿತು, ಆದರೂ ಹೆಸರು ವಾಲಗದ ಗದ್ದೆಯೇ. ಆ ಒಂದು ಗದ್ದೆಯ ಕತೆ ಹನ್ನೊಂದು ಪುಟ ಆಯಿತು. ಗದ್ದೆ, ತೋಡು, ಬಾಣೆಗಳ (ಗದ್ದೆಗೆ ಸೇರಿದ ಕಾಡುಜಾಗಗಳ) ಹೆಸರನ್ನೆಲ್ಲ ಬರೆದುಕೊಳ್ಳಿ. ಗದ್ದೆ ಹೋದ ಮೇಲೂ ಹೆಸರು ಸ್ವಲ್ಪ ಕಾಲ ನಿಲ್ಲುತ್ತದೆ, ಆಮೇಲೆ ಅದೂ ಹೋಗುತ್ತದೆ.

ಬರೆಯುತ್ತಾ ನಮ್ಮ ಆಯುಧಪೂಜೆಯಾದ ಕೈಲ್‌ಪೊಳ್ದ್ ಹಬ್ಬಕ್ಕೆ ಬಂದಾಗ ನನಗೆ ಮತ್ತೆ ಮಾರವಾಡದ ಆ ಹಳ್ಳಿ ನೆನಪಾಯಿತು. ಅವರು ದಸರೆಯಲ್ಲಿ ಕತ್ತಿ, ಬಂದೂಕು ಇಟ್ಟು ಪೂಜಿಸಿ ಖೇಜಡಿ ಮರಕ್ಕೆ ಕೈಮುಗಿಯುತ್ತಾರೆ. ಖೇಜಡಿ ಅಂದರೆ ನಮ್ಮ ಬಯಲುಸೀಮೆಯ ಬನ್ನಿಯೇ. ನಾವು ಸೆಪ್ಟೆಂಬರ್ 3ಕ್ಕೆ ಕೋವಿ, ಒಡಿಕತ್ತಿಗೆ ತೋಕ್‌ಪೂ, ಅಂದರೆ ಕೋವಿ ಹೂ, ಮುಡಿಸುತ್ತೇವೆ. ಎರಡೂ ಒಂದೇ ಅಂತ ಬರೆದುಬಿಡಬೇಡಿ. ನಮ್ಮದು ನಾಟಿ ಮುಗಿಸಿ, ನೇಗಿಲು ತೊಳೆದಿಟ್ಟ ಮೇಲಿನ ಹಬ್ಬ. ಕೋವಿಯ ಜೊತೆ ನೇಗಿಲನ್ನೂ ಬರೆಯಿರಿ. ಫೋಟೋದವರು ಬರೀ ಕೋವಿಯ ಚಿತ್ರ ಹಿಡಿಯುತ್ತಾರೆ.

ಊರಲ್ಲಿ ವೀರಗಲ್ಲು ಇದ್ದರೆ ಕೆಳಗಿನಿಂದ ಮೇಲಕ್ಕೆ ಓದಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವುದು, ಮೇಲೆ ಲಿಂಗ. ಮಾರವಾಡದಲ್ಲೂ ಕಳ್ಳರಿಂದ ದನ ಉಳಿಸಲು ಹೋಗಿ ಸತ್ತವನನ್ನು ಭೋಮಿಯಾ ಅಂತ ಕಲ್ಲು ನೆಟ್ಟು ಪೂಜಿಸುತ್ತಾರೆ. ಅಕ್ಷರ ಕಾಣಲಿ ಅಂತ ಸುಣ್ಣ, ಚಾಕ್‌ಪೀಸು ಬಳಿಯಬೇಡಿ. ಸಂಜೆ ಓರೆ ಬಿಸಿಲಿನಲ್ಲಿ ಫೋಟೋ ತೆಗೆದರೆ ತಾನಾಗಿ ಏಳುತ್ತದೆ. ಶಾಸನ ಇದ್ದರೆ, ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಸಾಹೇಬರು 1886ರಲ್ಲಿ ಅಚ್ಚುಹಾಕಿಸಿದ ಕೊಡಗಿನ ಶಾಸನಗಳ ಸಂಪುಟದಲ್ಲಿ ನಿಮ್ಮೂರು ಇದೆಯೋ ನೋಡಿ.

ಹಳಬರಿಗೆ ಇಸವಿ ಕೇಳಿ ಪ್ರಯೋಜನವಿಲ್ಲ. ‘ಮೈಸೂರಿಗೆ ಸೇರುವ ಮೊದಲೋ, ಆಮೇಲೋ? 71ರ ಯುದ್ಧಕ್ಕೆ ನಿಮ್ಮಣ್ಣ ಹೋಗಿದ್ದನಾ ಆಗ?’ ಅಂತ ಕೇಳಿ. ಮನೆಮನೆಯಲ್ಲಿ ಪಟ್ಟಾಳದವರಿರುವ ನಮ್ಮಲ್ಲಿ ಇದು ಕ್ಯಾಲೆಂಡರಿಗಿಂತ ಗಟ್ಟಿ. ಕಾಫಿ ಕುಯ್ಲಿನಲ್ಲಂತೂ ಹೋಗಲೇಬೇಡಿ, ಬಾಗಿಲಲ್ಲೇ ಕಳಿಸುತ್ತಾರೆ. ಕಕ್ಕಡದ, ಅಂದರೆ ಆಟಿ ತಿಂಗಳ, ಮಳೆಯಲ್ಲಿ ಹೋಗಿ. ಎಲ್ಲರೂ ಒಲೆ ಮುಂದೆ ಇರುತ್ತಾರೆ, ಕಕ್ಕಡ 18 ಆದರೆ ಮದ್ದುಸೊಪ್ಪಿನ ರಸದಲ್ಲಿ ಮಾಡುವ ಮದ್ದ್ ಪಾಯಸವೂ ಸಿಗುತ್ತದೆ.

ಐನ್‌ಮನೆಗಳಿಗೆ, ಅಂದರೆ ಕುಟುಂಬಗಳ ಮೂಲಮನೆಗಳಿಗೆ, ಮಾತ್ರ ಹೋಗಿ ಬಂದು ಊರು ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ನಾನೂ ಮೊದಲು ಹಾಗೇ ಮಾಡಿದೆ. ತೋಟದ ಕೂಲಿಯವರ ಲೈನ್‌ಮನೆಯಲ್ಲಿರುವ, ಯರವ ಬುಡಕಟ್ಟಿನ ಅಜ್ಜಿಯ ಹತ್ತಿರ ಕುಳಿತ ಮೇಲೆ ಗೊತ್ತಾಯಿತು, ಅದೇ ಪುತ್ತರಿ ರಾತ್ರಿ ಗದ್ದೆಯ ಆ ಬದಿಯಿಂದ ನಿಂತು ನೋಡಿದರೆ ಬೇರೆಯೇ ಹಬ್ಬ. ಇಬ್ಬರ ಮಾತು ಕೂಡದಿದ್ದರೆ ಎರಡನ್ನೂ ಬರೆಯಿರಿ. ನೀವು ಪಂಚಾಯಿತಿ ಮಾಡಲು ಹೋಗಬೇಡಿ.

ಬರೆಯುವಾಗ ಎಡಗಡೆ ಪುಟ ಖಾಲಿ ಬಿಡಿ, ಓದಿದವರು ತಿದ್ದಲಿ. ನನ್ನದನ್ನು ಮೊದಲು ಓದಿದ್ದು ಅತ್ತಿಗೆ. ಪುತ್ತರಿಯ ಎದುರಿನ ಖಾಲಿ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು: ‘ಕೋವಿ ಹಾರಿಸಿದವರ ಹೆಸರೆಲ್ಲ ಇದೆ. ತಂಬಿಟ್ಟು ಮಾಡಿದವರದ್ದು?’ ಕೆಳಗೆ ಏಳು ಮನೆಗಳ ಸೊಸೆಯಂದಿರ ಹೆಸರು, ಪ್ರತಿಯೊಬ್ಬರ ತಾಮನೆ (ತವರುಮನೆ) ಸಮೇತ.